ಕಾಳಿದಾಸ ರಸ್ತೆ ಹತ್ತಿರದ ಸಂಜೆ ಇಂಗ್ಲಿಷ್ ಕ್ಲಾಸು: ದುಡ್ಡು ಕೊಟ್ಟು ಸೇರಬಹುದಾ?

ಸೇರಬಹುದು. ಬರೆಯುವುದು ಜಾಸ್ತಿ ಇದೆ, ಅದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲರಿಗೂ ಅಲ್ಲ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಬೇಕು, ಬ್ರಿಟಿಷರ ಥರ ಉಚ್ಚಾರ ಬೇಕು, ಕೊನೆಗೆ ಕೈಗೊಂದು ಸರ್ಟಿಫಿಕೇಟ್ ಬೇಕು ಅನ್ನುವವರು ಬೇರೆ ಕಡೆ ನೋಡಿಕೊಳ್ಳಿ. ದಿನಾ ಬೇರೆ ಬೇರೆ ದೇಶದವರ ಜೊತೆ, ಬೇರೆ ಬೇರೆ ಭಾಷೆಯವರ ಜೊತೆ ಮಾತಾಡಲೇಬೇಕಾದ ಕೆಲಸ ಇದೆ, ಇಂಗ್ಲಿಷ್ ತಲೆಯಲ್ಲಿದೆ, ಬಾಯಿಗೆ ಬರುತ್ತಿಲ್ಲ ಅನ್ನುವವರಿಗೆ ಮೈಸೂರಿನಲ್ಲಿ ನಾನು ನೋಡಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕ್ಲಾಸು ಇಲ್ಲ.

ಒಂಟಿಕೊಪ್ಪಲಿನಲ್ಲಿ ಕಾಳಿದಾಸ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಜೆರಾಕ್ಸ್ ಅಂಗಡಿ, ಅದರ ಮೇಲಿನ ಮಹಡಿ. ದೊಡ್ಡ ಬೋರ್ಡು ಇಲ್ಲ. ಅಕ್ಕಪಕ್ಕದವರು 'ಮೇಡಂ ಕ್ಲಾಸು' ಅನ್ನುತ್ತಾರೆ, ಹಾಗೆ ಕೇಳಿದರೆ ತೋರಿಸುತ್ತಾರೆ. ಮೇಡಂ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ವಾರಕ್ಕೆ ಮೂರು ಸಂಜೆ, ಆರೂವರೆಯಿಂದ ಎಂಟು. ತಿಂಗಳಿಗೆ 1,200 ರೂಪಾಯಿ.

ನನಗೆ ಯಾಕೆ ಬೇಕಿತ್ತು ಅಂದರೆ, ಗೋಕುಲಂನಲ್ಲಿ ನಮ್ಮ ಮನೆಯ ಮೇಲಿನ ಕೋಣೆಗಳನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ ಆ ಕಡೆಯ ಎಷ್ಟೋ ಮನೆಗಳಿಗೆ ಇದೇ ಜೀವನ. ಜಪಾನ್, ಬ್ರೆಜಿಲ್, ರಷ್ಯಾ, ಕೊರಿಯಾ, ಜರ್ಮನಿ, ಎಲ್ಲಾ ಕಡೆಯಿಂದ ಬರುತ್ತಾರೆ. ಇವರಲ್ಲಿ ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡಿದವರು ಕಡಿಮೆ. ಆದರೂ ನಮ್ಮ ಜೊತೆ ಎಲ್ಲರೂ ಮಾತಾಡುವುದು ಇಂಗ್ಲಿಷಿನಲ್ಲೇ, ಬೇರೆ ದಾರಿ ಯಾರಿಗೂ ಇಲ್ಲ. ನಾನು ಮದ್ದೂರು ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಕಾಂ. ಓದಿದರೆ ಅರ್ಥವಾಗುತ್ತದೆ. ಗೀಸರ್ ಕೆಟ್ಟಿದೆ, ರಿಪೇರಿಯವನು ನಾಳೆ ಬರುತ್ತಾನೆ, ಅಲ್ಲಿಯವರೆಗೆ ಕೆಳಗಿನ ಬಚ್ಚಲು ಬಳಸಿ ಅಂತ ಎದುರು ನಿಂತು ಹೇಳುವಾಗ ಗಂಟಲು ಕಟ್ಟುತ್ತಿತ್ತು.

ಇದಕ್ಕೆ ಮೊದಲು ಊರಿನ ಇನ್ನೊಂದು ಕಡೆ ದೊಡ್ಡ ಸ್ಪೋಕನ್ ಇಂಗ್ಲಿಷ್ ಸೆಂಟರಿಗೆ ಹೋಗುತ್ತಿದ್ದೆ. ಹೆಸರು ಬೇಡ. ಎಸಿ ರೂಮು, ಹೆಡ್‌ಫೋನು, ಗೋಡೆ ತುಂಬಾ ಲಂಡನ್ ಸೇತುವೆಯ ಫೋಟೋ. ಅಲ್ಲಿ ಕನ್ನಡ ಮಾತಾಡಿದರೆ 10 ರೂಪಾಯಿ ದಂಡ. ದುಡ್ಡಿಗಿಂತ ಆ ದಂಡದ ಡಬ್ಬಿ ಎಲ್ಲರ ಮುಂದೆ ಸುತ್ತುವುದೇ ನೋವಾಗುತ್ತಿತ್ತು. ನಾಲಿಗೆಯನ್ನು ಹಲ್ಲಿನ ಮಧ್ಯೆ ಇಟ್ಟು 'ದಿಸ್', 'ದಟ್', 'ಥಿಂಕ್' ಅಂತ ವಾರಗಟ್ಟಲೆ ಮಾಡಿಸಿದರು. ಅಮೆರಿಕದವರು ಕಾಫಿ ಆರ್ಡರ್ ಮಾಡುವ ವಿಡಿಯೋ ತೋರಿಸಿ ಅದೇ ಥರ ಹೇಳಿ ಅಂದರು. ನಮ್ಮ ಮನೆಗೆ ಬರುವ ಜಪಾನಿನ ಹೆಂಗಸಿಗೂ ಆ ವಿಡಿಯೋದ ಇಂಗ್ಲಿಷಿಗೂ ಏನು ಸಂಬಂಧ ಅಂತ ನನಗೆ ಅರ್ಥವಾಗಲೇ ಇಲ್ಲ. ಮಾತು ಬರುವ ಬದಲು ಇದ್ದ ಧೈರ್ಯವೂ ಹೋಯಿತು.

ಮೇಡಂ ಕ್ಲಾಸಿನಲ್ಲಿ ಮೊದಲು ಕಾಣುವ ವ್ಯತ್ಯಾಸವೇ ಇದು: ಕನ್ನಡಕ್ಕೆ ಬಾಗಿಲು ಹಾಕಿಲ್ಲ. ಹೊಸ ವಿಷಯ ಬಂದರೆ ಕನ್ನಡದಲ್ಲಿ ವಿವರಿಸುತ್ತಾರೆ, ಪಕ್ಕದವರ ಹತ್ತಿರ ಕನ್ನಡದಲ್ಲಿ ಮಾತಾಡಿಕೊಂಡು ಏನು ಹೇಳಬೇಕು ಅಂತ ತೀರ್ಮಾನಿಸಲು ಬಿಡುತ್ತಾರೆ, ಆಮೇಲೆ ಎದ್ದು ಇಂಗ್ಲಿಷಿನಲ್ಲಿ ಹೇಳಬೇಕು. ಮಂಡಿ ಮೊಹಲ್ಲಾದಿಂದ ಬರುವ ಇಬ್ಬರು ತಮ್ಮ ತಮ್ಮಲ್ಲಿ ಉರ್ದುವಿನಲ್ಲಿ ಮಾತಾಡಿಕೊಳ್ಳುತ್ತಾರೆ. ಒಬ್ಬರು ಮಲಯಾಳಿ ನರ್ಸ್. ಒಬ್ಬ ಹುಡುಗ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವನು, ಅವನ ಕನ್ನಡ ಎಷ್ಟು ಚೆನ್ನಾಗಿದೆ ಅಂದರೆ ನರ್ಸಮ್ಮನಿಗೆ ಇಂಗ್ಲಿಷ್ ವಾಕ್ಯ ಕನ್ನಡದಲ್ಲಿ ಬಿಡಿಸಿ ಹೇಳುವುದು ಅವನೇ. ಇಷ್ಟು ಭಾಷೆ ಒಂದೇ ಕೋಣೆಯಲ್ಲಿ ಇರುವಾಗ ಇಂಗ್ಲಿಷ್ ಬಿಟ್ಟು ಮಿಕ್ಕಿದ್ದೆಲ್ಲಾ ಹೊರಗಿಡಿ ಅನ್ನುವುದು ಎಂಥ ನ್ಯಾಯ? ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 1969ರಿಂದ ಇದೆ, ದೇಶದ ಭಾಷೆಗಳ ಬಗ್ಗೆ ಕೆಲಸ ಮಾಡಲು ಆರಿಸಿಕೊಂಡ ಊರು ನಮ್ಮದು. ಅದೇ ಊರಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ತೆಗೆದುಕೊಳ್ಳುತ್ತಾರೆ ಅನ್ನುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಉಚ್ಚಾರದ ಪಾಠ ಈ ಕ್ಲಾಸಿನ ನಿಜವಾದ ಬಲ, ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಜೆನಿಫರ್ ಜೆಂಕಿನ್ಸ್ ಅಂತ ಇಂಗ್ಲೆಂಡಿನ ಭಾಷಾವಿಜ್ಞಾನಿ ಇದ್ದಾರೆ. ಇಂಗ್ಲಿಷ್ ತಾಯ್ನುಡಿ ಅಲ್ಲದವರು ತಮ್ಮ ತಮ್ಮಲ್ಲೇ ಇಂಗ್ಲಿಷ್ ಮಾತಾಡುವಾಗ ಎಲ್ಲಿ ಅರ್ಥ ತಪ್ಪುತ್ತದೆ ಅನ್ನುವುದನ್ನು ಅವರು ಹುಡುಕಿದರು. 2000ನೇ ಇಸವಿಯಲ್ಲಿ ಬಂದ ಅವರ ಪುಸ್ತಕದಲ್ಲಿ ಯಾವ ಧ್ವನಿ ಸರಿಯಾಗಿರಲೇಬೇಕು, ಯಾವುದು ಹೇಗಿದ್ದರೂ ನಡೆಯುತ್ತದೆ ಅಂತ ಒಂದು ಪಟ್ಟಿಯೇ ಇದೆ. ಮೇಡಂ ಉಚ್ಚಾರ ಕಲಿಸುವುದು ಈ ಪಟ್ಟಿ ಹಿಡಿದುಕೊಂಡು. ನಾಲಿಗೆ ಹಲ್ಲಿನ ಮಧ್ಯೆ ಇಡುವ ಆ ಧ್ವನಿ ಇದೆಯಲ್ಲ, ಹಳೇ ಸೆಂಟರಿನಲ್ಲಿ ನಮ್ಮ ಅಷ್ಟು ಸಂಜೆ ತಿಂದಿದ್ದು, ಅದು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನಾವು ಸಹಜವಾಗಿ ಹೇಳುವ ದಕಾರ ಥಕಾರದಿಂದಲೇ ಕೆಲಸ ಆಗುತ್ತದೆ.

ಹಾಗಾದರೆ ಯಾವುದು ಬೇಕು? ಹ್ರಸ್ವ ದೀರ್ಘ ಬೇಕು. 'ಶಿಪ್' ಬೇರೆ, 'ಶೀಪ್' ಬೇರೆ. ಇಲ್ಲಿ ಕನ್ನಡದವರಿಗೆ ಕಷ್ಟವೇ ಇಲ್ಲ, ಕಾಗುಣಿತ ಬಂದರೆ ಅರ್ಧ ಕೆಲಸ ಮುಗಿಯಿತು. ನಮ್ಮ ಭಾಷೆ ಇಂಗ್ಲಿಷಿಗೆ ಅಡ್ಡಿ ಅಂತಲೇ ಕೇಳಿಕೊಂಡು ಬೆಳೆದವಳು ನಾನು. ಅದೇ ಭಾಷೆ ಇಲ್ಲಿ ಕೈಹಿಡಿಯುತ್ತದೆ ಅಂತ ಒಬ್ಬ ಟೀಚರ್ ಬಾಯಲ್ಲಿ ಕೇಳಿದ್ದು ಇದೇ ಮೊದಲು. ನಮಗೆ ತೊಂದರೆ ಆಗುವುದು ಬೇರೆ ಕಡೆ. ಪದದ ಮೊದಲಲ್ಲಿ ಬರುವ ಪ, ಟ, ಕ ಹೇಳುವಾಗ ನಾವು ಉಸಿರು ಬಿಡುವುದಿಲ್ಲ. ಆಗ ಕೆಲವರ ಕಿವಿಗೆ ಅದು ಬ, ಡ, ಗ ಥರ ಕೇಳಿಸುತ್ತದೆ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗ ಒಬ್ಬ ಜರ್ಮನ್ ಗಿರಾಕಿಗೆ ಮಾತ್ರೆ ಅನ್ನಲು 'ಪಿಲ್' ಅಂದನಂತೆ, ಆಕೆ 'ಬಿಲ್' ಅಂದುಕೊಂಡು ದುಡ್ಡು ತೆಗೆದಳಂತೆ. ಮೇಡಂ ಅವನ ಬಾಯಿಯ ಮುಂದೆ ತೆಳ್ಳಗಿನ ಕಾಗದದ ಚೂರು ಹಿಡಿದು, ಕಾಗದ ಅಲ್ಲಾಡುವವರೆಗೆ 'ಪಿಲ್' ಹೇಳಿಸಿದರು. ಅಷ್ಟೇ ಪಾಠ. ಅವತ್ತೇ ಕ್ಲಾಸಿನವರೆಲ್ಲಾ ಕಲಿತರು.

ಇನ್ನೊಂದು, ಪದದ ಮೊದಲಲ್ಲಿರುವ ಒತ್ತಕ್ಷರ. ನಮ್ಮ ಕಡೆ 'ಇಸ್ಕೂಲು' ಅನ್ನುತ್ತಾರಲ್ಲ, ಅದನ್ನು ಕೇಳಿ ಪೇಟೆಯವರು ನಗುತ್ತಾರೆ. ಜೆಂಕಿನ್ಸ್ ಪ್ರಕಾರ ಸ್ವರ ಸೇರಿಸಿದರೆ ಅಷ್ಟು ನಷ್ಟ ಇಲ್ಲ, ಇರುವ ವ್ಯಂಜನ ನುಂಗಿದರೆ ಕೇಳುವವರಿಗೆ ಗೊತ್ತಾಗುವುದಿಲ್ಲ. ಅಂದರೆ ನಮ್ಮ ಅಜ್ಜಿಯ 'ಇಸ್ಕೂಲು' ಜಪಾನಿನವರಿಗೂ ಅರ್ಥವಾದೀತು. ಕೊನೆಯದಾಗಿ, ವಾಕ್ಯದಲ್ಲಿ ಯಾವ ಪದಕ್ಕೆ ದನಿ ಏರಿಸಬೇಕು ಅನ್ನುವುದು. ಇದು ನಮಗೆ ನಿಜಕ್ಕೂ ಕಷ್ಟ. ಕನ್ನಡದಲ್ಲಿ 'ನಾಳೆಯೇ' ಅಂತ ಒಂದು ಏಕಾರ ಹಚ್ಚಿದರೆ ಒತ್ತು ಬಂದುಬಿಡುತ್ತದೆ, ಇಂಗ್ಲಿಷಿನಲ್ಲಿ ಆ ಕೆಲಸವನ್ನು ಗಂಟಲು ಮಾಡಬೇಕು. ನಾವು ಎಲ್ಲಾ ಪದ ಒಂದೇ ಸಮ ಹೇಳುತ್ತೇವೆ, ಕೇಳುವವರಿಗೆ ಮುಖ್ಯ ಯಾವುದು ಅಂತ ತಿಳಿಯುವುದಿಲ್ಲ. ಇದಕ್ಕೆ ಮೇಡಂ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ ಅನಿಸಿತು ನನಗೆ.

ಕೆಲವು ಸಂಜೆ ಗೋಕುಲಂ ಕಡೆಯ ವಿದೇಶಿಯರನ್ನು ಕ್ಲಾಸಿಗೆ ಕರೆಯುತ್ತಾರೆ. ಒಂದು ಸಂಜೆ ಜಪಾನಿನ ಹೆಂಗಸು, ಬ್ರೆಜಿಲಿನ ಒಬ್ಬರು ಒಟ್ಟಿಗೆ ಬಂದಿದ್ದರು. ನಮಗೆ ಕೊಟ್ಟ ಕೆಲಸ, ಅವರಿಬ್ಬರಿಗೆ ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ಸಿನಲ್ಲಿ ಹೋಗಿ ಮೆಟ್ಟಿಲು ಇಳಿದು ಬರುವುದು ಹೇಗೆ ಅಂತ ಹೇಳುವುದು. ಜಪಾನಿನವರಿಗೆ ರಕಾರ ಲಕಾರ ಬೇರೆ ಮಾಡಿ ಹೇಳುವುದು ಕಷ್ಟ. ಬ್ರೆಜಿಲಿನವರು ಒಂದು ಪದ ಸಿಗದೆ ಕೈ ಆಡಿಸಿದರು, ಆಟೋ ಓಡಿಸುವ ಅಣ್ಣ ಆ ಪದ ಹೇಳಿಕೊಟ್ಟರು. ಅವರು ಮತ್ತೆ ಕೇಳಿದರು, ನಾವು ಮತ್ತೆ ಹೇಳಿದೆವು, ಬೇರೆ ಪದದಲ್ಲಿ ಹೇಳಿದೆವು, ಚಿತ್ರ ಬರೆದೆವು, 'ನೀವು ಹೇಳಿದ್ದು ಇದೇ ತಾನೇ' ಅಂತ ಖಚಿತ ಮಾಡಿಕೊಂಡೆವು. ಕೋಣೆಯಲ್ಲಿ ಇಂಗ್ಲಿಷ್ ಯಾರ ಮನೆಯ ಭಾಷೆಯೂ ಆಗಿರಲಿಲ್ಲ. ಎಲ್ಲರೂ ಸೇರಿ ಅದರಲ್ಲಿ ಒಂದು ಕೆಲಸ ಮುಗಿಸಿದೆವು. ನನ್ನ ಎದೆಯಲ್ಲಿದ್ದ ಅಳುಕು ಕರಗಿದ್ದು ಆ ಒಂದೂವರೆ ಗಂಟೆಯಲ್ಲಿ, ಇದನ್ನು ಯಾವ ವಿಡಿಯೋ ಮಾಡಲು ಸಾಧ್ಯವಿರಲಿಲ್ಲ.

ಮತ್ತೆ ಕೇಳುವುದು, ಬೇರೆ ಥರ ಹೇಳುವುದು, ಖಚಿತ ಮಾಡಿಕೊಳ್ಳುವುದು, ಇವನ್ನೇ ಪಾಠವಾಗಿ ಕಲಿಸುತ್ತಾರೆ. ಬೇರೆ ಕಡೆ 'ಅರ್ಥವಾಗಲಿಲ್ಲ' ಅನ್ನುವುದೇ ಅವಮಾನ. ಇಲ್ಲಿ ಅದಕ್ಕೆ ವಾಕ್ಯಗಳನ್ನು ಕೊಡುತ್ತಾರೆ, ಅವು ನಾಲಿಗೆಗೆ ಹತ್ತುವವರೆಗೆ ಹೇಳಿಸುತ್ತಾರೆ. ವಿಯೆನ್ನಾದಲ್ಲಿ ಬಾರ್ಬರಾ ಸೈಡ್ಲ್‌ಹೋಫರ್ ಅನ್ನುವ ಭಾಷಾವಿಜ್ಞಾನಿ ಮತ್ತು ಅವರ ತಂಡ, ಬೇರೆ ಬೇರೆ ತಾಯ್ನುಡಿಯವರು ಇಂಗ್ಲಿಷಿನಲ್ಲಿ ಆಡುವ ಇಂಥ ಮಾತುಕತೆಗಳನ್ನೇ ರೆಕಾರ್ಡ್ ಮಾಡಿ ಸುಮಾರು ಹತ್ತು ಲಕ್ಷ ಪದಗಳ ಸಂಗ್ರಹ ಮಾಡಿದ್ದಾರೆ. ಅದರಲ್ಲಿ ಮಾತಾಡಿದವರ ತಾಯ್ನುಡಿಗಳು ಸುಮಾರು 50. 'ಹಿ ಗೋಸ್' ಅನ್ನುವ ಕಡೆ 'ಹಿ ಗೋ' ಅಂದರೆ ಸಾಮಾನ್ಯವಾಗಿ ಯಾರಿಗೂ ಅರ್ಥ ಕೆಡುವುದಿಲ್ಲ, ಆದರೆ ಅಮೆರಿಕದವರ ನುಡಿಗಟ್ಟು ಬಳಸಿದರೆ ಎದುರಿಗಿರುವವರು ಕಂಗಾಲಾಗುತ್ತಾರೆ ಅನ್ನುವುದು ಸೈಡ್ಲ್‌ಹೋಫರ್ ವಾದ. ಹಳೇ ಸೆಂಟರಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದು ಆ ನುಡಿಗಟ್ಟುಗಳನ್ನೇ! ಸುಲಭ ಅನ್ನಲು 'ಪೀಸ್ ಆಫ್ ಕೇಕ್' ಅಂದರೆ ಕೊರಿಯಾದವರು ಕೇಕ್ ಎಲ್ಲಿ ಅಂತ ನೋಡುತ್ತಾರೆ, ಅಲ್ವಾ? ಅದೇ ಮಾತು ನಮಗೂ ಅನ್ವಯಿಸುತ್ತದೆ. 'ಪ್ರಿಪೋನ್', 'ಔಟ್ ಆಫ್ ಸ್ಟೇಷನ್', ಲಕ್ಷಕ್ಕೆ 'ಲ್ಯಾಕ್' ಇವೆಲ್ಲ ಬೆಂಗಳೂರಿನವರಿಗೆ, ಚೆನ್ನೈನವರಿಗೆ ಹೇಳಿ, ಧೈರ್ಯವಾಗಿ ಹೇಳಿ, ಅದು ನಮ್ಮ ಇಂಗ್ಲಿಷ್. ರಷ್ಯಾದವರಿಗೆ ಹೇಳುವಾಗ ಬಿಡಿಸಿ ಹೇಳಿ. ಎದುರಿಗೆ ಯಾರಿದ್ದಾರೆ ನೋಡಿಕೊಂಡು ಮಾತಾಡುವುದು ಮೇಡಂಗೆ ವ್ಯಾಕರಣದಷ್ಟೇ ಮುಖ್ಯ.

'ನಮ್ಮ ಇಂಗ್ಲಿಷ್' ಅಂತ ನಾನು ಸುಮ್ನೆ ಬರೆದಿಲ್ಲ. ಶ್ರೀನಗರದಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದ ಭಾಷಾವಿಜ್ಞಾನಿ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷನ್ನು ಮೂರು ವೃತ್ತ ಮಾಡಿ ತೋರಿಸಿದರು. ಒಳಗಿನದರಲ್ಲಿ ಇಂಗ್ಲಿಷ್ ತಾಯ್ನುಡಿಯಾಗಿರುವ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ. ಅದರ ಹೊರಗೆ ಇಂಗ್ಲಿಷ್ ಎರಡನೇ ಭಾಷೆಯಾಗಿ ಬಳಕೆಯಲ್ಲಿರುವ ಭಾರತ, ನೈಜೀರಿಯಾ, ಸಿಂಗಪುರದಂಥ ದೇಶಗಳು. ಅದರ ಹೊರಗೆ ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಯುವ ಚೀನಾ, ಜಪಾನ್ ಥರದವು. ಗೋಕುಲಂನ ಒಂದು ಎಳನೀರು ಗಾಡಿಯ ಮುಂದೆ ಈ ಮೂರು ವೃತ್ತದವರೂ ನಿಂತಿರುತ್ತಾರೆ. ನಮ್ಮ ದೇಶದಲ್ಲೇ ನೋಡಿ, 2011ರ ಜನಗಣತಿಯಲ್ಲಿ ಇಂಗ್ಲಿಷ್ ತಾಯ್ನುಡಿ ಅಂತ ಬರೆಸಿದವರು ಸುಮಾರು 2.6 ಲಕ್ಷ ಜನ. ಎರಡನೇ ಭಾಷೆ ಅಂದವರು 8 ಕೋಟಿಗೂ ಜಾಸ್ತಿ, ಮೂರನೇ ಭಾಷೆ ಅಂದವರು 4 ಕೋಟಿಗೂ ಜಾಸ್ತಿ. ಇಷ್ಟು ಕೋಟಿ ಜನ ಆ ಎರಡೂವರೆ ಲಕ್ಷದವರ ಥರ ಮಾತಾಡಬೇಕಾ, ಅಥವಾ ಒಬ್ಬರಿಗೊಬ್ಬರು ಅರ್ಥವಾಗುವ ಥರ ಮಾತಾಡಬೇಕಾ?

ಪಾಠದ ರೀತಿ ಬಗ್ಗೆ ಒಂದು ಮಾತು. ಪುಸ್ತಕ ಇಲ್ಲ, ಕೆಲಸ ಇದೆ. ರೈಲಿನ ವೇಳಾಪಟ್ಟಿ ಕೈಗೆ ಕೊಟ್ಟು, ಮಂಡ್ಯದಲ್ಲಿ ಹನ್ನೊಂದಕ್ಕೆ ಮದುವೆ, ಮೈಸೂರಿನಿಂದ ಯಾವ ಗಾಡಿ ಹಿಡಿಯಬೇಕು, ತಪ್ಪಿಸಿಕೊಂಡರೆ ಮುಂದಿನದು ಯಾವುದು ಅಂತ ಚರ್ಚೆ ಮಾಡಿಸುತ್ತಾರೆ. ಮನಸ್ಸೆಲ್ಲಾ ರೈಲಿನ ಮೇಲೆ, ಇಂಗ್ಲಿಷ್ ಅದರ ಹಿಂದೆ ತಾನಾಗಿ ಬರುತ್ತದೆ. ಇದು ವಿದೇಶದಿಂದ ಬಂದ ಹೊಸ ಫ್ಯಾಷನ್ ಅಂದುಕೊಂಡಿದ್ದೆ. ಅಲ್ಲ, ಇಂಗ್ಲಿಷ್ ಕಲಿಸುವ ವಿಧಾನದ ಬಗ್ಗೆ ಕೆಲಸ ಮಾಡಿದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನಿಂದ ದಕ್ಷಿಣ ಭಾರತದ ಶಾಲೆಗಳಲ್ಲಿ ಇದನ್ನು ಮಾಡಿ ನೋಡಿದ್ದರು. ಪ್ರಪಂಚದಾದ್ಯಂತ ಇಂಗ್ಲಿಷ್ ಕಲಿಸುವವರಿಗೆ ಅದು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಗೊತ್ತು. ಮೈಸೂರಿನ ಸ್ಪೋಕನ್ ಇಂಗ್ಲಿಷ್ ಸೆಂಟರುಗಳಿಗೆ ಗೊತ್ತಿದ್ದ ಹಾಗಿಲ್ಲ.

ಇನ್ನೊಂದು ಥರದ ಕೆಲಸ ನನಗೆ ತುಂಬಾ ಇಷ್ಟವಾಯಿತು. ಕನ್ನಡದ ಒಂದು ನೋಟಿಸು ಕೊಡುತ್ತಾರೆ, ನೀರಿನದೋ ಕರೆಂಟಿನದೋ. ಅದನ್ನು ಅಕ್ಷರ ಅಕ್ಷರ ಅನುವಾದ ಮಾಡುವ ಹಾಗಿಲ್ಲ. ಬಾಡಿಗೆಯವರಿಗೆ ಎಷ್ಟು ಬೇಕೋ ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಅವರ ಪ್ರಶ್ನೆಯನ್ನು ವಾಪಸ್ ಕನ್ನಡದಲ್ಲಿ ಲೈನ್‌ಮನ್‌ಗೆ ಕೇಳಬೇಕು. ಡಾಕ್ಟರು ಹೇಳಿದ್ದನ್ನು ಅತ್ತೆಗೆ, ಅತ್ತೆ ಹೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸುತ್ತೇವಲ್ಲ, ನಮ್ಮಂಥವರು ಮನೆಯಲ್ಲಿ ದಿನಾ ಮಾಡುವುದೇ ಅದು. ಇದಕ್ಕೆ ಬೆಲೆ ಇದೆ ಅಂತ ಯಾವ ಶಾಲೆಯಲ್ಲೂ ಹೇಳಿರಲಿಲ್ಲ. ಯೂರೋಪಿನಲ್ಲಿ ಭಾಷೆಯ ಮಟ್ಟ ಅಳೆಯುವ ಚೌಕಟ್ಟಿಗೆ 2018ರಲ್ಲಿ ಈ ನಡುವೆ ನಿಂತು ಮಾತು ದಾಟಿಸುವ ಕೆಲಸವನ್ನೂ ವಿವರವಾಗಿ ಸೇರಿಸಿದರಂತೆ.

ಕೊರತೆಗಳೂ ಇವೆ. ಬರೆಯುವ ಅಭ್ಯಾಸ ತೀರಾ ಕಡಿಮೆ. ನಮ್ಮ ಕೆಲಸದಲ್ಲಿ ಅರ್ಧ ಮಾತು ಈಗ ವಾಟ್ಸಾಪ್‌ನಲ್ಲೇ ನಡೆಯುತ್ತದೆ, ಬುಕಿಂಗ್ ವಿಚಾರಿಸಿದವರಿಗೆ ನಾಲ್ಕು ಸಾಲು ಮೆಸೇಜ್ ಬರೆಯುವುದನ್ನು ಕಲಿಸಬೇಕಿತ್ತು. ಮೇಡಂ ಕೇಳಿದಾಗಲೆಲ್ಲಾ ಮುಂದಿನ ತಿಂಗಳು ಅನ್ನುತ್ತಾರೆ, ಆ ತಿಂಗಳು ಬಂದಿಲ್ಲ. ಎರಡನೆಯದು, ತಪ್ಪುಗಳನ್ನು ಮಾತಿನ ಮಧ್ಯೆ ತಿದ್ದುವುದಿಲ್ಲ, ಕೊನೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾರೆ. ನನಗೆ ಇದು ಸರಿ. ಆದರೆ ಇಂಟರ್‌ವ್ಯೂಗೆ ತಯಾರಾಗುವ ಹುಡುಗರಿಗೆ ಸಾಲುವುದಿಲ್ಲ. ಅಲ್ಲಿ 'ಹಿ ಗೋ' ಅಂದರೆ ಅರ್ಥವಾಗುತ್ತದೆ, ಕೆಲಸ ಸಿಗುವುದಿಲ್ಲ. ಮೇಡಂ ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳುತ್ತಾರೆ, ಅದು ಮೆಚ್ಚಬೇಕು. ಮೂರನೆಯದು, ಎಲ್ಲಾ ಮಟ್ಟದವರೂ ಒಂದೇ ಬ್ಯಾಚಿನಲ್ಲಿ. ಮಾತು ಬರುವವರು ಮಾತಾಡುತ್ತಲೇ ಇರುತ್ತಾರೆ, ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಎರಡು ವಾರ ಮೂಲೆಯಲ್ಲಿ ಕೂತಿರುತ್ತಾರೆ. ಇದನ್ನು ಗಮನಿಸಿ ಸರಿಮಾಡಲೇಬೇಕು. ಫ್ಯಾನ್ ಒಂದೇ, ಬೇಸಿಗೆಯಲ್ಲಿ ಕಷ್ಟ. ಗಾಡಿ ನಿಲ್ಲಿಸಲು ಜಾಗ ಇಲ್ಲ.

ಮಕ್ಕಳನ್ನು ಸೇರಿಸಬಹುದಾ ಅಂತ ಸುಮಾರು ಜನ ನನ್ನನ್ನು ಕೇಳಿದ್ದಾರೆ. ಹದಿನಾರು ತುಂಬದವರನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಚಿಕ್ಕ ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಕ್ಲಾಸು ಹುಡುಕುವ ಬದಲು ಕನ್ನಡ ಚೆನ್ನಾಗಿ ಓದಿ ಬರೆಯುವ ಹಾಗೆ ಮಾಡಿ, ಜೊತೆಗೆ ಇಂಗ್ಲಿಷ್ ಇರಲಿ. ಸರ್ಕಾರಿ ಕನ್ನಡ ಶಾಲೆಗಳಲ್ಲೂ 2007ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ನಲಿ-ಕಲಿ ಶುರುವಾಗಿದ್ದು ನಮ್ಮ ಹೆಗ್ಗಡದೇವನಕೋಟೆಯಲ್ಲೇ, 1995ರಲ್ಲಿ. ಮಗು ತನ್ನ ಭಾಷೆಯಲ್ಲಿ, ತನ್ನ ವೇಗದಲ್ಲಿ, ಆಡುತ್ತಾ ಕಲಿಯಲಿ ಅಂತ ಮಾಡಿದ್ದು. ನಮ್ಮ ನೆಂಟರ ಹುಡುಗ ಇಂಗ್ಲಿಷ್ ಮೀಡಿಯಂನಲ್ಲಿ ಆರನೇ ಕ್ಲಾಸು, ಪಾಠ ಗಟ್ಟಿಯಾಗಿ ಓದುತ್ತಾನೆ, ಏನು ಓದಿದೆ ಅಂದರೆ ಕನ್ನಡದಲ್ಲೂ ಹೇಳಲಾರ, ಇಂಗ್ಲಿಷಿನಲ್ಲೂ ಹೇಳಲಾರ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಷ್ಟರ ಮೇಲೆ ಸೇರುವ ಮನಸ್ಸಿದ್ದರೆ, ದುಡ್ಡು ಕೊಡುವ ಮೊದಲು ಒಂದು ಸಂಜೆ ಸುಮ್ನೆ ಕೂತು ನೋಡಲು ಬಿಡುತ್ತಾರೆ. ಹೊರಗಿನವರು ಬರುವ ಸಂಜೆ ಯಾವುದು ಅಂತ ಕೇಳಿಕೊಂಡು ಅವತ್ತೇ ಹೋಗಿ. ನೀವು ಮಾಡುವ ಕೆಲಸ ಏನು, ಯಾರ ಜೊತೆ ಮಾತಾಡಬೇಕು ಅನ್ನುವುದನ್ನು ಮೇಡಂಗೆ ಬಿಡಿಸಿ ಹೇಳಿ, ಆಟೋದವರಿಗೆ ಆಟೋದ ಪಾಠ, ನರ್ಸಿಗೆ ವಾರ್ಡಿನ ಪಾಠ ಅಂತ ಅದನ್ನೇ ನೋಡಿಕೊಂಡು ತಯಾರು ಮಾಡುತ್ತಾರೆ. ಫೀಸು ತಿಂಗಳ ಮೊದಲ ವಾರದಲ್ಲೇ ಕಟ್ಟಬೇಕು, ಮಧ್ಯದಲ್ಲಿ ಬಿಟ್ಟರೆ ವಾಪಸ್ ಇಲ್ಲ. ದಸರಾ ಸಮಯದಲ್ಲಿ ಹತ್ತು ದಿನ ರಜೆ, ಹೊಸ ಬ್ಯಾಚು ಅದಾದ ಮೇಲೆ. ಬರೆಯುವ ಪಾಠ ಬೇಕು ಅಂತ ಹೊಸಬರೂ ಒಂದು ಮಾತು ಕೇಳಿ, ನಾಲ್ಕು ಜನ ಕೇಳಿದರೆ ಶುರು ಮಾಡಿಯಾರು.